ನಿನ್ನೆಯ ಕೊರೊಲ್ಲಾ ನಾಳೆಯ ಕ್ಲಾಸಿಕ್ ಆಗುತ್ತಾ?

📌 1/7

ಮೊದಲ ಫೋಟೋ ಟೊಯೋಟಾ 2000ಜಿಟಿ. 1967ರಿಂದ 1970ರವರೆಗೆ ತಯಾರಾಗಿದ್ದು ಒಟ್ಟು 351 ಮಾತ್ರ. 2013ರಲ್ಲಿ ಅಮೆರಿಕದ ಒಂದು ಹರಾಜಿನಲ್ಲಿ ಅದರ ಬೆಲೆ 11 ಲಕ್ಷ 55 ಸಾವಿರ ಡಾಲರಿಗೆ ಹೋಯಿತು. ಅದರ ವಿಷಯ ಬಿಡಿ, ಅದು ಹುಟ್ಟುವಾಗಲೇ ರಾಜಕುಮಾರಿ.

ಈಗ ಸ್ವೈಪ್ ಮಾಡಿ. ಎರಡನೇ ಫೋಟೋ ಕೂಡ ಅದೇ ಕಂಪನಿ, ಅದೇ ದಶಕ. ಕೊರೊಲ್ಲಾ. ಮೇಷ್ಟ್ರು, ಗುಮಾಸ್ತರು ಕಂತು ಕಟ್ಟಿ ಕೊಂಡ ಕಾರು. ಆಫೀಸಿಗೆ ಹೋಯಿತು, ತರಕಾರಿ ತಂತು, ಮಕ್ಕಳನ್ನು ಸ್ಕೂಲಿಗೆ ಬಿಟ್ಟಿತು, ಒಂದು ದಿನ ಗುಜರಿಗೆ ಹೋಯಿತು. ಇಂಥ ಸಾದಾ ಜಪಾನಿ ಕಾರುಗಳನ್ನು ಮುಂದೊಂದು ದಿನ ಜನ ಹುಡುಕಿಕೊಂಡು ಬಂದು, ದುಡ್ಡು ಕೊಟ್ಟು, ಹೊದಿಕೆ ಹೊದಿಸಿ ಇಟ್ಟುಕೊಳ್ತಾರಾ?

ಯಾಕೆ ಕೇಳ್ತಿದ್ದೀನಿ ಅಂದ್ರೆ, ಈಗ ರೀಲ್ಸ್ ತೆಗೆದರೆ ಸಾಕು, "ಹಳೇ ಜಪಾನಿ ಕಾರು ಈಗಲೇ ತಗೊಂಡಿಡಿ, ಹತ್ತು ವರ್ಷಕ್ಕೆ ಹತ್ತರಷ್ಟು" ಅನ್ನೋರೇ ಸಿಗ್ತಾರೆ. ನಮ್ಮ ಸೆಕ್ಷನ್‌ನಲ್ಲೇ ಇಬ್ಬರು ಇದನ್ನ ನಂಬಿ ಓಎಲ್‌ಎಕ್ಸ್ ತಡಕಾಡ್ತಾ ಇದ್ದಾರೆ. ಅವರ ಜೇಬಿನ ಮೇಲಿನ ಕಾಳಜಿಯಿಂದಲೇ ಈ ಸರಣಿ. 😅

ನನ್ನ ಉತ್ತರ ಮೊದಲೇ ಹೇಳಿಬಿಡ್ತೀನಿ: ಕೆಲವು ಆಗ್ತವೆ, ಕೆಲವು ಆಗಲೇ ಆಗಿವೆ. ಆದರೆ ಯಾವುದು ಆಗುತ್ತೆ ಅನ್ನೋದನ್ನ ಬಾನೆಟ್ ಎತ್ತಿ ನೋಡಿ ಹೇಳೋಕಾಗಲ್ಲ. ಕಾರಣಗಳು ಬಹುಪಾಲು ಕಾರಿನ ಹೊರಗೇ ಇವೆ. ಇತಿಹಾಸ ನೋಡಿದರೆ ಗೊತ್ತಾಗುತ್ತೆ, ಬನ್ನಿ.

📌 2/7

ಜಪಾನಿನಲ್ಲಿ 1966ನ್ನು 'ಮೈ ಕಾರ್' ಯುಗದ ಮೊದಲ ವರ್ಷ ಅಂತ ಕರೀತಾರೆ. ಅಲ್ಲಿವರೆಗೆ ಸ್ವಂತ ಕಾರು ಅಂದ್ರೆ ಸಾಮಾನ್ಯ ಮನೆಗೆ ದೂರದ ಮಾತು.

ಆ ವರ್ಷ ಏಪ್ರಿಲ್‌ನಲ್ಲಿ ನಿಸ್ಸಾನ್ ಕಂಪನಿ ಡಾಟ್ಸನ್ ಸನ್ನಿ ಬಿಟ್ಟಿತು. ಹೆಸರು ಸೂಚಿಸಿ ಅಂತ ಜನರನ್ನೇ ಕೇಳಿತ್ತು, 80 ಲಕ್ಷಕ್ಕೂ ಹೆಚ್ಚು ಉತ್ತರ ಬಂದವು. ಎಂಜಿನ್ 1000 ಸಿಸಿ. ನವೆಂಬರ್‌ನಲ್ಲಿ ಟೊಯೋಟಾ ಕೊರೊಲ್ಲಾ ಬಂತು, 1100 ಸಿಸಿ, ಆರಂಭದ ಬೆಲೆ 4 ಲಕ್ಷ 32 ಸಾವಿರ ಯೆನ್. ಆ ಹೆಚ್ಚಿಗೆ 100 ಸಿಸಿಯನ್ನೇ ಟೊಯೋಟಾ ಜಾಹೀರಾತಲ್ಲಿ ಡಂಗುರ ಸಾರಿತು. ನಿಸ್ಸಾನ್ ಸುಮ್ಮನಿರುತ್ತಾ? 1970ರಲ್ಲಿ 1200 ಸಿಸಿಯ ಹೊಸ ಸನ್ನಿ ತಂದು, ಇದನ್ನ ತಗೊಂಡರೆ ಪಕ್ಕದ ಮನೆಯವರ ಕಾರು ಸಣ್ಣದಾಗಿ ಕಾಣುತ್ತೆ ಅನ್ನೋ ಅರ್ಥದ ಜಾಹೀರಾತು ಕೊಟ್ಟಿತು. ನಮ್ಮ ಮಾರ್ಕೆಟಿಂಗ್ ಪುಸ್ತಕದಲ್ಲಿ ಇಂಥ ಉದಾಹರಣೆ ಯಾಕೆ ಹಾಕಲ್ಲ ಅಂತ ನನಗಂತೂ ಬೇಜಾರು.

ಕೊರೊಲ್ಲಾದ ಮುಖ್ಯ ಎಂಜಿನಿಯರ್ ತಾತ್ಸುವೊ ಹಸೆಗಾವಾ. ಯುದ್ಧಕಾಲದಲ್ಲಿ ವಿಮಾನ ವಿನ್ಯಾಸ ಮಾಡುತ್ತಿದ್ದವರು. ಸೋತ ಜಪಾನಿನಲ್ಲಿ ವಿಮಾನ ಮಾಡುವ ಹಾಗಿರಲಿಲ್ಲ, ಹಾಗಾಗಿ ಕಾರಿಗೆ ಬಂದರು. ಅವರ ಸೂತ್ರಕ್ಕೆ '80 ಅಂಕ' ಅಂತಲೇ ಹೆಸರು. ಜನಸಾಮಾನ್ಯರ ಕಾರು ಯಾವ ವಿಷಯದಲ್ಲೂ 80ಕ್ಕಿಂತ ಕೆಳಗೆ ಇಳೀಬಾರದು, ಜೊತೆಗೆ ಒಂದೆರಡರಲ್ಲಿ 90 ದಾಟಬೇಕು, ಇಲ್ಲಾಂದ್ರೆ ಜನರ ಮನಸ್ಸು ಗೆಲ್ಲಲ್ಲ ಅನ್ನೋದು ಅವರ ಲೆಕ್ಕ.

ವ್ಯಾಪಾರಕ್ಕೆ ಇದು ಚಿನ್ನದಂಥ ಸೂತ್ರ. 1997ರಲ್ಲಿ ಕೊರೊಲ್ಲಾ ಹೆಸರಿನ ಕಾರುಗಳ ಒಟ್ಟು ಮಾರಾಟ ಫೋಕ್ಸ್‌ವ್ಯಾಗನ್ ಬೀಟಲನ್ನೂ ದಾಟಿ ಪ್ರಪಂಚದಲ್ಲೇ ಮೊದಲ ಸ್ಥಾನಕ್ಕೆ ಹೋಯಿತು. ಆದರೆ ಯೋಚನೆ ಮಾಡಿ, ಎಲ್ಲಾ ಸಬ್ಜೆಕ್ಟಲ್ಲೂ 80 ತೆಗೆಯೋ ಹುಡುಗನ ಹೆಸರು ಫೇರ್‌ವೆಲ್ ದಿನ ಎಷ್ಟು ಜನಕ್ಕೆ ನೆನಪಿರುತ್ತೆ? ಲಾಸ್ಟ್ ಬೆಂಚಿನ ತರಲೆ ಎಲ್ಲರಿಗೂ ನೆನಪಿರ್ತಾನೆ.

📌 3/7

ಇಲ್ಲಿ ಯಾರಾದರೂ ಅಡ್ಡ ಹಾಕ್ತೀರ: "ಬೀಟಲ್ ಕೂಡ ಬಡವರ ಕಾರೇ ಅಲ್ವಾ? ಮಿನಿ? ಫ್ರಾನ್ಸಿನ ಸಿಟ್ರೊಯೆನ್ 2ಸಿವಿ? ಅವೆಲ್ಲಾ ಕ್ಲಾಸಿಕ್ ಆಗಿಲ್ವಾ?"

ಆಗಿವೆ. ಈ ಇಡೀ ಸರಣಿಯಲ್ಲಿ ನನಗೆ ಅತಿ ಮುಖ್ಯ ಅನ್ನಿಸಿದ್ದು ಇದೇ ಹೋಲಿಕೆ. ಬೀಟಲ್ 1938ರಿಂದ 2003ರವರೆಗೆ ಬಂತು. 2ಸಿವಿ 1948ರಿಂದ 1990. ಮಿನಿ 1959ರಿಂದ 2000. ಒಳಗೆ ಏನೇನೋ ಬದಲಾದರೂ ಮುಖ ಬದಲಾಗಲಿಲ್ಲ. ತಾತ ಓಡಿಸಿದ ಬೀಟಲ್, ಅಪ್ಪ ಓಡಿಸಿದ ಬೀಟಲ್, ಮಗಳು ಓಡಿಸಿದ ಬೀಟಲ್, ಮೂರೂ ನೋಡೋಕೆ ಒಂದೇ ಥರ. ಒಂದು ಮುಖದ ಮೇಲೆ ಮೂರು ತಲೆಮಾರಿನ ನೆನಪು ಪದರ ಪದರವಾಗಿ ಕೂತಿತು. ಅದರ ಮೇಲೆ ಬಿಡಿಭಾಗ ಎಲ್ಲೆಲ್ಲೂ ಸಿಗ್ತಿತ್ತು, ಹಾಗಾಗಿ ಹಳೇದನ್ನ ರಿಪೇರಿ ಮಾಡಿ ಇಟ್ಟುಕೊಳ್ಳೋದೂ ಸುಲಭ.

ಕೊರೊಲ್ಲಾ ನೋಡಿ: 1966, 1970, 1974, 1979, 1983, 1987, 1991. ಪ್ರತಿ ನಾಲ್ಕು ಐದು ವರ್ಷಕ್ಕೆ ಹೊಸ ಮುಖ! ಹಳೇದು ಹಳೇದಾಗಿ ಕಾಣಲಿ, ಗಿರಾಕಿ ಹೊಸದಕ್ಕೆ ಬರಲಿ ಅನ್ನೋದೇ ಉದ್ದೇಶ. 'ಕೊರೊಲ್ಲಾ' ಅಂದ ತಕ್ಷಣ ಬೀಟಲ್ ಥರ ಒಂದೇ ಚಿತ್ರ ಕಣ್ಮುಂದೆ ಬರುತ್ತಾ ನಿಮಗೆ? ಹೆಸರು ಒಂದೇ, ಕಾರು ಏಳೆಂಟು. ನೆನಪು ಹಂಚಿ ಹೋಯಿತು. ಬೀಟಲನ್ನ ಸೋಲಿಸಿದ್ದು ಕೊರೊಲ್ಲಾ ಅನ್ನೋ ಕಾರಲ್ಲ, ಕೊರೊಲ್ಲಾ ಅನ್ನೋ ಬೋರ್ಡು ಅಂತ ಹೇಳೋರಿದ್ದಾರೆ. ಸ್ವಲ್ಪ ಕಟುವಾಯಿತು, ಆದರೆ ಸುಳ್ಳಲ್ಲ.

ಸರಿ, ಸಾದಾ ಜಪಾನಿ ಕಾರು ಒಂದೂ ಗೆದ್ದಿಲ್ವಾ? ಗೆದ್ದಿದೆ. ಡಾಟ್ಸನ್ 510. 1968ರಿಂದ ಅಮೆರಿಕದಲ್ಲಿ ಸುಮಾರು 2,000 ಡಾಲರಿಗೆ ಸಿಗ್ತಿದ್ದ ಡಬ್ಬದಂಥ ಸಂಸಾರಸ್ಥರ ಕಾರು. ನಿಸ್ಸಾನಿನ ಅಮೆರಿಕ ಮುಖ್ಯಸ್ಥ ಯುತಾಕಾ ಕತಾಯಾಮಾ ಹಟ ಹಿಡಿದು ಅದಕ್ಕೆ 1600 ಸಿಸಿ ಎಂಜಿನ್ ಹಾಕಿಸಿದರು. 1971 ಮತ್ತು 1972ರಲ್ಲಿ ಪೀಟರ್ ಬ್ರಾಕ್ ಅವರ ತಂಡ, ಜಾನ್ ಮಾರ್ಟನ್ ಸ್ಟೀರಿಂಗ್ ಹಿಡಿದು, ಟ್ರಾನ್ಸ್-ಆ್ಯಮ್ ರೇಸಿನ ಸಣ್ಣ ಕಾರುಗಳ ವಿಭಾಗದಲ್ಲಿ ಎರಡು ವರ್ಷವೂ ಚಾಂಪಿಯನ್. ಅದೂ ಯುರೋಪಿನ ಹೆಸರುವಾಸಿ ಕಾರುಗಳನ್ನ ಹಿಂದಿಕ್ಕಿ. ಇವತ್ತಿಗೂ 510ಕ್ಕೆ ಅಭಿಮಾನಿ ಬಳಗ ಇದೆ.

ಅದೇ ಅಂಗಡಿಯಲ್ಲಿ ಎಪ್ಪತ್ತರ ದಶಕದಲ್ಲಿ ಡಾಟ್ಸನ್ ಬಿ210 ಅಂತ ಇನ್ನೊಂದಿತ್ತು. 1973ರ ತೈಲ ಬಿಕ್ಕಟ್ಟಿನಲ್ಲಿ ಪೆಟ್ರೋಲ್ ಬಂಕ್ ಮುಂದೆ ಮೈಲುಗಟ್ಟಲೆ ಸಾಲು ನಿಂತಾಗ ಲಕ್ಷಾಂತರ ಜನರ ಕೈ ಹಿಡಿದದ್ದು ಇಂಥ ಕಾರುಗಳೇ. ರೇಸ್ ಗೆದ್ದದ್ದು ಉಳಿಯಿತು, ಸಂಸಾರ ಉಳಿಸಿದ್ದು ಗುಜರಿ ಸೇರಿತು. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯೋ ಊರುಗಳಲ್ಲಂತೂ ಎಪ್ಪತ್ತರ ದಶಕದ ಜಪಾನಿ ತಗಡು ಕೆಲವೇ ವರ್ಷಕ್ಕೆ ತುಕ್ಕು ಹಿಡಿದು ಪುಡಿಪುಡಿ.

📌 4/7

ಈಗ ನೀವೆಲ್ಲಾ ಕಾಯ್ತಾ ಇರೋ ಕಾರು. ಹೌದು, ಎಇ86. 🐼

1983ರಲ್ಲಿ ಟೊಯೋಟಾ ಕೊರೊಲ್ಲಾ ಸಂಸಾರದ ಬಹುಪಾಲು ಕಾರುಗಳ ಎಂಜಿನ್ ಶಕ್ತಿಯನ್ನ ಮುಂದಿನ ಚಕ್ರಕ್ಕೆ ಬದಲಾಯಿಸಿತು. ಲೆವಿನ್ ಮತ್ತು ಟ್ರೂಯೆನೋ ಅನ್ನೋ ಎರಡು ಕೂಪೆಗಳು ಮಾತ್ರ ಹಳೇ ಪದ್ಧತಿಯಲ್ಲೇ, ಹಿಂದಿನ ಚಕ್ರದ ಮೇಲೆ ಉಳಿದವು. ಕಾಲೇಜು ಹುಡುಗರಿಗೆ ಕೈಗೆಟುಕೋ ಬೆಲೆ, ಹಗುರ ಮೈ, 1600 ಸಿಸಿ. ರೇಸರ್ ಕೇಯಿಚಿ ತ್ಸುಚಿಯಾ ಘಾಟ್ ರಸ್ತೆಗಳಲ್ಲಿ ಅಡ್ಡಡ್ಡ ಜಾರಿಸಿ ಓಡಿಸಿ ಹೆಸರು ಮಾಡಿದರು. ಆದರೂ ತೊಂಬತ್ತರ ದಶಕದ ಹೊತ್ತಿಗೆ ಅದು ಬರೀ ಒಂದು ಹಳೇ ಸೆಕೆಂಡ್ ಹ್ಯಾಂಡ್ ಕೊರೊಲ್ಲಾ.

1995ರಲ್ಲಿ ಶುಯಿಚಿ ಶಿಗೆನೊ 'ಇನಿಷಿಯಲ್ ಡಿ' ಮಾಂಗಾ ಶುರು ಮಾಡಿದರು. ಹೀರೋ ತಕುಮಿ, ಅಪ್ಪನ ಅಂಗಡಿಯ ತೋಫುವನ್ನ ಬೆಳಗಿನ ಜಾವ ಬೆಟ್ಟದ ಹೋಟೆಲಿಗೆ ತಲುಪಿಸೋ ಹುಡುಗ. ಅವನ ಗಾಡಿ ಇದೇ ಟ್ರೂಯೆನೋ. ದುಬಾರಿ ಕಾರುಗಳನ್ನ ತೋಫು ಗಾಡಿ ಸೋಲಿಸುತ್ತೆ. ಮಾಂಗಾ ಅನಿಮೆ ಆಯಿತು, ವಿಡಿಯೋ ಗೇಮ್ ಆಯಿತು, ನಮ್ಮ ಹಾಸ್ಟೆಲಿನ ಗೋಡೆ ಮೇಲಿನ ಪೋಸ್ಟರ್ ಆಯಿತು. ಕಾರಿನ ಬೆಲೆ ಏರಿತು, ಏರುತ್ತಲೇ ಹೋಯಿತು. 2021ರಲ್ಲಿ ಟೊಯೋಟಾ ತಾನೇ ಎಇ86ರ ಕೆಲವು ಬಿಡಿಭಾಗಗಳನ್ನ ಮತ್ತೆ ತಯಾರಿಸೋದಾಗಿ ಘೋಷಿಸಿತು. ಹುಟ್ಟಿ ಸುಮಾರು 38 ವರ್ಷ ಆದ ಕೊರೊಲ್ಲಾಗೆ ಹೊಸ ಸ್ಪೇರ್!

ಅದೇ ವರ್ಷ ಹುಟ್ಟಿದ ನಾಲ್ಕು ಬಾಗಿಲಿನ ಸಾದಾ ಕೊರೊಲ್ಲಾಗೆ ಈ ಭಾಗ್ಯ ಇಲ್ಲ. ಯಾಕಂದ್ರೆ ಅದರ ಬಗ್ಗೆ ಯಾರೂ ಕತೆ ಬರೀಲಿಲ್ಲ.

📌 5/7

ಇದು ಸ್ವಲ್ಪ ಥಿಯರಿ ಪೋಸ್ಟ್. ಬಿಟ್ಟು ಹೋಗಬೇಡಿ, ಎಕ್ಸಾಮಿಗೆ ಬರಲ್ಲ.

ನಾವು ಕಲಿಯೋ ಸವಕಳಿಯಲ್ಲಿ ಬೆಲೆ ಒಂದೇ ದಿಕ್ಕಿಗೆ ಹೋಗುತ್ತೆ. ಆದಾಯ ತೆರಿಗೆ ನಿಯಮದಲ್ಲಿ ಕಾರಿಗೆ 15%, ಡಬ್ಲ್ಯುಡಿವಿ ಪದ್ಧತಿ. ಎರಡು ಲಕ್ಷದ ಕಾರು 15 ವರ್ಷಕ್ಕೆ ಪುಸ್ತಕದಲ್ಲಿ ಸುಮಾರು 17,500 ರೂಪಾಯಿ. ಸೊನ್ನೆ ಯಾವತ್ತೂ ಆಗಲ್ಲ, ಮೇಲಂತೂ ಏಳಲ್ಲ.

ಮೈಕಲ್ ಥಾಮ್ಸನ್ ಅನ್ನೋ ಬ್ರಿಟಿಷ್ ವಿದ್ವಾಂಸ 1979ರಲ್ಲಿ 'ರಬ್ಬಿಶ್ ಥಿಯರಿ' ಅಂತ ಪುಸ್ತಕ ಬರೆದ. ಅವನು ಹೇಳೋದು: ವಸ್ತುವಿನ ಬೆಲೆ ಇಳಿದು ಇಳಿದು ಕಸದ ಮಟ್ಟಕ್ಕೆ ಬರುತ್ತೆ, ಹೆಚ್ಚಿನವು ಅಲ್ಲೇ ನಾಶ. ಆದರೆ ಯಾರ ಕಣ್ಣಿಗೂ ಬೀಳದೆ ಕಸವಾಗಿಯೇ ಬದುಕುಳಿದ ಕೆಲವನ್ನ ಯಾರೋ ಒಬ್ಬ ಎತ್ತಿ ಒರೆಸಿ ನೋಡ್ತಾನೆ. ಅಲ್ಲಿಂದ ಬೆಲೆ ತಿರುಗಿ ಏರುತ್ತೆ. ನಾನು ಇದನ್ನ 'ಗುಜರಿ ವರ್ಷಗಳು' ಅಂತ ಕರೀತೀನಿ. ಕ್ಲಾಸಿಕ್ ಆಗಬೇಕಾದ ಕಾರು ಮೊದಲು ಗುಜರಿ ವರ್ಷಗಳನ್ನ ದಾಟಬೇಕು. ಮಳೆಯಲ್ಲಿ ನಿಂತು, ನಾಯಿ ಕೆಳಗೆ ಮಲಗಿ, ಸೀಟು ಹರಿದು, ಆದರೂ ಯಾರೂ ಒಡೆಯದೆ ಇರಬೇಕು.

ಜಪಾನಿ ಸಾದಾ ಕಾರಿಗೆ ಕಷ್ಟ ಆಗಿದ್ದು ಇಲ್ಲೇ, ತನ್ನ ತವರಲ್ಲೇ. ಅಲ್ಲಿ 'ಶಾಕೆನ್' ಅಂತ ಕಡ್ಡಾಯ ತಪಾಸಣೆ ಇದೆ. ಹೊಸ ಕಾರಿಗೆ ಮೂರು ವರ್ಷಕ್ಕೆ, ಆಮೇಲೆ ಎರಡೆರಡು ವರ್ಷಕ್ಕೊಮ್ಮೆ. 1995ರವರೆಗೂ ಹತ್ತು ವರ್ಷ ದಾಟಿದ ಕಾರನ್ನ ಪ್ರತಿ ವರ್ಷ ತೋರಿಸಬೇಕಿತ್ತು. ವಿಮೆ, ತೂಕದ ತೆರಿಗೆ, ರಿಪೇರಿ ಸೇರಿದರೆ ಒಂದು ಸಲಕ್ಕೆ ಸುಮಾರು ಒಂದು ಲಕ್ಷ ಯೆನ್ ಆಗೋದು ಮಾಮೂಲು. 13 ವರ್ಷ ದಾಟಿದ ಪೆಟ್ರೋಲ್ ಕಾರಿಗೆ ವಾರ್ಷಿಕ ತೆರಿಗೆಯೂ ಹೆಚ್ಚು, ಸುಮಾರು 15%. ಇದರ ಮೇಲೆ 1962ರ ಕಾನೂನು: ನಿಲ್ಲಿಸೋಕೆ ಜಾಗ ಇದೆ ಅಂತ ದಾಖಲೆ ತೋರಿಸಬೇಕು. ಟೋಕಿಯೋದಲ್ಲಿ ಮನುಷ್ಯರಿಗೇ ಜಾಗ ಇಲ್ಲ, ಓಡದ ಕಾರನ್ನ ಎಲ್ಲಿ ಇಡ್ತೀರ? 2009ರಲ್ಲಂತೂ ಸರ್ಕಾರ 13 ವರ್ಷ ದಾಟಿದ ಕಾರನ್ನ ಗುಜರಿಗೆ ಹಾಕಿ ಹೊಸ ಇಕೋ ಕಾರು ಕೊಂಡವರಿಗೆ ಎರಡೂವರೆ ಲಕ್ಷ ಯೆನ್ ಕೊಟ್ಟಿತು. ಅದೇ ವರ್ಷ ಅಮೆರಿಕದ ಇಂಥದ್ದೇ ಯೋಜನೆಯಲ್ಲಿ ಸುಮಾರು 6 ಲಕ್ಷ 77 ಸಾವಿರ ಹಳೇ ವಾಹನ ಹೋದವು. ಆ ಯೋಜನೆಯಲ್ಲಿ ಜನ ಅತಿ ಹೆಚ್ಚು ಕೊಂಡ ಹೊಸ ಕಾರು ಯಾವುದು ಗೊತ್ತಾ? ಕೊರೊಲ್ಲಾ. 🙂

ಜಪಾನ್ ಹೊರಗೆ ಹಾಕಿದ ಕಾರುಗಳು ಸಾಯಲಿಲ್ಲ. ಹಡಗು ಹತ್ತಿ ಕೀನ್ಯಾ, ತಾಂಜಾನಿಯಾ, ಪಾಕಿಸ್ತಾನ, ಶ್ರೀಲಂಕಾ, ನ್ಯೂಜಿಲೆಂಡಿಗೆ ಹೋದವು. ಕಾಬೂಲಿನ ಬೀದಿಯಲ್ಲಿ ಹಳದಿ ಬಿಳಿ ಟ್ಯಾಕ್ಸಿ ಅಂದ್ರೆ ಕೊರೊಲ್ಲಾನೇ. ಆದರೆ ಅಲ್ಲಿ ಅದು ದುಡಿಯೋ ಎತ್ತು. ಎಂಜಿನ್ ಬಿಚ್ಚಿ, ಕೂಡಿಸಿ, ಮೀಟರ್ ಎಷ್ಟು ಸುತ್ತು ತಿರುಗಿದೆ ಅಂತ ಯಾರೂ ಲೆಕ್ಕ ಇಡದಷ್ಟು ಓಡಿಸ್ತಾರೆ. ಗಟ್ಟಿ ಕಾರು ಅನ್ನೋ ಹೊಗಳಿಕೆಯೇ ಅದಕ್ಕೆ ಮುಳುವಾಯಿತು. ಕೆಡೋ ಕಾರನ್ನ ಶೆಡ್ಡಲ್ಲಿ ನಿಲ್ಲಿಸಿ ಮರೀತಾರೆ, ಕೆಡದೇ ಇರೋದನ್ನ ಸವೆಯೋವರೆಗೂ ಓಡಿಸ್ತಾರೆ.

📌 6/7

"ನಮಗೂ ಇದಕ್ಕೂ ಏನಪ್ಪಾ ಸಂಬಂಧ?"

ಇದೆ. ಕೊರೊಲ್ಲಾ ನಮ್ಮ ಬಿಡದಿಯಲ್ಲೇ 2003ರಿಂದ ತಯಾರಾಯಿತು, 2020ಕ್ಕೆ ನಿಂತಿತು. ಆದರೆ ಜಪಾನಿನಲ್ಲಿ ಗುಮಾಸ್ತರ ಕಾರಾಗಿದ್ದದ್ದು ಇಲ್ಲಿ ಸಾಹೇಬರ ಕಾರಾಗಿತ್ತು, ಹಾಗಾಗಿ ಅದು ನಮ್ಮ ಲೆಕ್ಕಕ್ಕಿಲ್ಲ. ನಮ್ಮ ಸಾದಾ ಜಪಾನಿ ಕಾರು ಅಂದ್ರೆ ಮಾರುತಿ 800. ಸುಜುಕಿಯ ಪುಟ್ಟ ಕಾರೇ ಇಲ್ಲಿಗೆ ಬಂದು ಮಾರುತಿ ಆದದ್ದು. ಮೂರು ಸಿಲಿಂಡರ್, 796 ಸಿಸಿ. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿ ಮೊದಲ ಕೀ ಕೊಟ್ಟದ್ದು ದೆಹಲಿಯ ಹರ್ಪಾಲ್ ಸಿಂಗ್ ಅವರಿಗೆ. ಬೆಲೆ ಸುಮಾರು 47,500 ರೂಪಾಯಿ.

ಆ ಮೊದಲ ಕಾರಿನ ಕತೆಯೇ ಥಾಮ್ಸನ್ ಪುಸ್ತಕದ ಉದಾಹರಣೆ ಇದ್ದ ಹಾಗಿದೆ. ಸಿಂಗ್ ಅದನ್ನ ಕೊನೆವರೆಗೂ ಮಾರಲಿಲ್ಲ. ಅವರು 2010ರಲ್ಲಿ ತೀರಿಕೊಂಡ ಮೇಲೆ ಮನೆ ಮುಂದೆ ಬೀದಿಯಲ್ಲೇ ನಿಂತು ತುಕ್ಕು ಹಿಡಿಯಿತು. ಫೋಟೋಗಳು ಹರಿದಾಡಿದವು. ಕೊನೆಗೆ ರಿಪೇರಿಯಾಗಿ, ಹೊಸದರ ಹಾಗೆ ಹೊಳೆದು, ಈಗ ಕಂಪನಿಯ ಮುಖ್ಯ ಕಚೇರಿಯಲ್ಲಿದೆ.

ಈಗ ಮೂರನೇ ಪೋಸ್ಟ್ ನೆನಪಿಸಿಕೊಳ್ಳಿ. 1986ರಲ್ಲಿ 800ಗೆ ಹೊಸ ಮೈ ಬಂತು. ಆಮೇಲೆ ದೀಪ, ಬಂಪರ್ ಬದಲಾದದ್ದು ಬಿಟ್ಟರೆ ಅದೇ ಆಕಾರ 2014ರ ಜನವರಿವರೆಗೂ ನಡೆಯಿತು. ಮೂವತ್ತು ವರ್ಷದಲ್ಲಿ ದೇಶದೊಳಗೇ ಸುಮಾರು 27 ಲಕ್ಷ. ಅಂದ್ರೆ ಜಪಾನಿನಲ್ಲಿ ಕೊರೊಲ್ಲಾಗೆ ಸಿಗದ ಭಾಗ್ಯ ಇಲ್ಲಿ ಒಂದು ಜಪಾನಿ ಪುಟ್ಟ ಕಾರಿಗೆ ಸಿಕ್ಕಿತು. ಅದು ನಮ್ಮ ಬೀಟಲ್ ಆಯಿತು. ಮದುವೆ ಗಾಡಿ, ಡ್ರೈವಿಂಗ್ ಸ್ಕೂಲ್ ಗಾಡಿ, ಧರ್ಮಸ್ಥಳಕ್ಕೆ ಆರು ಜನ ಒತ್ತಿಕೊಂಡು ಹೋದ ಗಾಡಿ, ಎಲ್ಲಾ ಒಂದೇ ಮುಖ. ಜಗತ್ತಿನ ಸಾದಾ ಜಪಾನಿ ಕಾರುಗಳಲ್ಲಿ ಯಾವುದಾದರೂ ಒಂದು, ಯಾವ ರೇಸೂ ಗೆಲ್ಲದೆ, ಯಾವ ಮಾಂಗಾದಲ್ಲೂ ಬರದೆ, ಸಾದಾ ಕಾರಾಗಿಯೇ ಕ್ಲಾಸಿಕ್ ಆಗುತ್ತೆ ಅಂದ್ರೆ ಅದು 800 ಅಂತ ನನ್ನ ನಂಬಿಕೆ. ಒಪ್ಪದವರು ಕಾಮೆಂಟಲ್ಲಿ ಜಗಳಕ್ಕೆ ಬನ್ನಿ.

ಆದರೆ ಗುಜರಿ ವರ್ಷಗಳು ದಾಟಬೇಕಲ್ಲ? ನಮ್ಮಲ್ಲಿ 2021ರ ಕೇಂದ್ರದ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ಕಳೆದ, ಮೂಲ ರೂಪ ಉಳಿಸಿಕೊಂಡ ಗಾಡಿ ಮಾತ್ರ 'ವಿಂಟೇಜ್'. ಮೊಟ್ಟಮೊದಲ 800ಗಳಿಗೆ ಆ ಅರ್ಹತೆ ಬರೋದು 2033ರ ಕೊನೆಗೆ. ಇನ್ನೊಂದು ಕಡೆ, 15 ವರ್ಷ ಕಳೆದ ಕಾರಿನ ಆರ್‌ಸಿ ರಿನ್ಯೂವಲ್ ಶುಲ್ಕ 2022ರ ಏಪ್ರಿಲ್‌ನಲ್ಲಿ 600ರಿಂದ 5,000 ರೂಪಾಯಿಗೆ ಏರಿತು. ಕರ್ನಾಟಕದಲ್ಲಿ ಹಸಿರು ತೆರಿಗೆ ಬೇರೆ. ದೆಹಲಿಯಲ್ಲಿ 15 ವರ್ಷ ದಾಟಿದ ಪೆಟ್ರೋಲ್ ಗಾಡಿ ರಸ್ತೆಗೇ ಇಳೀಬಾರದು ಅನ್ನೋ ಆದೇಶವನ್ನ 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಹದಿನೈದಕ್ಕೆ ಮುದುಕ, ಐವತ್ತಕ್ಕೆ ಪೂಜ್ಯ. ನಡುವಿನ 35 ವರ್ಷ ಎಲ್ಲಿ ಬದುಕಬೇಕು? ಹೊಗೆ, ಗಾಳಿ ಎಲ್ಲಾ ನಿಜವಾದ ಸಮಸ್ಯೆನೇ, ನಾನು ಅದನ್ನ ಅಲ್ಲಗಳೀತಿಲ್ಲ. ಲೆಕ್ಕ ಮಾತ್ರ ಹೇಳಿದೆ.

📌 7/7

ಕೊನೆಗೆ ದುಡ್ಡಿನ ಮಾತು. ಓಎಲ್‌ಎಕ್ಸ್ ತಡಕಾಡ್ತಿರೋ ನನ್ನ ಇಬ್ಬರು ಗೆಳೆಯರೇ, ಪೆನ್ನು ತಗೊಳ್ಳಿ.

50,000 ಕೊಟ್ಟು ಒಂದು ಹಳೇ ಕಾರು ತಗೊಂಡ್ರಿ ಅಂತ ಇಟ್ಕೊಳ್ಳಿ. ಇನ್ಶೂರೆನ್ಸ್, ಬ್ಯಾಟರಿ, ಆಯಿಲ್, ಟೈರು, ಆಗಾಗ ಟಿಂಕರಿಂಗ್, ಎಲ್ಲಾ ಸೇರಿ ವರ್ಷಕ್ಕೆ 12,000 ಅನ್ನೋಣ, ಕಮ್ಮಿನೇ ಹಿಡಿದಿದ್ದೀನಿ. 20 ವರ್ಷ. ಅದೇ ದುಡ್ಡನ್ನ ಅದೇ ಥರ 7% ಬಡ್ಡಿಗೆ ಹಾಕಿದ್ದರೆ ಕೊನೆಗೆ ಸುಮಾರು 6 ಲಕ್ಷ 85 ಸಾವಿರ ಆಗಿರುತ್ತೆ. ಅಂದ್ರೆ ಆ ಕಾರು ಅಷ್ಟಕ್ಕೆ ಮಾರಾಟ ಆದರೆ ನಿಮಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ನಿಲ್ಲಿಸಿದ ಜಾಗದ ಬಾಡಿಗೆ ಇದರಲ್ಲಿ ಸೇರಿಸಿಲ್ಲ. ಪೂರ್ತಿ ಬಿಚ್ಚಿ ಹೊಸದು ಮಾಡಿಸೋಕೆ ಹೋದರೆ ಇನ್ನೂ ಕಷ್ಟ. ತುಕ್ಕು ಕೆತ್ತಿ ಪೇಂಟ್ ಹೊಡೆಯೋ ಕೂಲಿ 800ಗೂ ಅಷ್ಟೇ, ಬೆನ್ಜ್‌ಗೂ ಹೆಚ್ಚುಕಮ್ಮಿ ಅಷ್ಟೇ. ಬೆನ್ಜ್ ಆದರೆ ಮಾರಿದಾಗ ಆ ಖರ್ಚು ವಾಪಸ್ ಬಂದೀತು.

ನಮ್ಮ ದೊಡ್ಡಪ್ಪನ ಹತ್ರ 2003ರ 800 ಇದೆ, ಬಿಳಿ ಬಣ್ಣದ್ದು. "ಬಿಕಾಂ ಓದ್ತಿದ್ದೀಯಲ್ಲ, ಇಟ್ಕೊಳ್ಳಲಾ, ಗುಜರಿಗೆ ಕೊಡಲಾ, ನೋಡಿ ಹೇಳು" ಅಂದಿದ್ದರು. ಈ ಲೆಕ್ಕ ಬರೆದುಕೊಂಡು ಹೋಗಿ ತೋರಿಸಿದೆ. ಪೂರ್ತಿ ಓದಿ, ಮಡಚಿ, ಅದೇ ಕಾರಿನ ಡ್ಯಾಶ್‌ಬೋರ್ಡಲ್ಲಿ ಇಟ್ಟರು. ಸಂಜೆ ಅದರಲ್ಲೇ ದೊಡ್ಡಮ್ಮನ್ನ ಆಸ್ಪತ್ರೆಗೆ ಚೆಕಪ್‌ಗೆ ಕರ್ಕೊಂಡು ಹೋದರು. ಗುಜರಿಯವನಿಗೆ ಇನ್ನೂ ಫೋನ್ ಹೋಗಿಲ್ಲ.

ಹಾಗಾಗಿ ಲಾಭಕ್ಕೆ ಅಂತ ಕೊಳ್ಳೋರು ಬೇಡ ಅಂತೀನಿ. ಮನೇಲಿ ಆಗಲೇ ಇದ್ದರೆ ಮಾತ್ರ ಇಷ್ಟು ಮಾಡಿ: ಡೆಲಿವರಿ ಕಾಗದ, ಸರ್ವಿಸ್ ಪುಸ್ತಕ, ಮೊದಲ ಇನ್ಶೂರೆನ್ಸ್, ಎರಡನೇ ಕೀ, ಕಂಪನಿಯಿಂದ ಬಂದ ವೀಲ್ ಕಪ್, ಹಳೇ ಟೇಪ್ ಡೆಕ್ ಯಾವುದನ್ನೂ ಬಿಸಾಡಬೇಡಿ. ದೊಡ್ಡ ಸ್ಟಿಕರ್, ಅಲಾಯ್ ಹಾಕಿ ಹಾಳು ಮಾಡಬೇಡಿ. ಸಾದಾ ಕಾರು ಸಾದಾ ಆಗಿಯೇ ಉಳಿದಿರೋದು ಎಲ್ಲಕ್ಕಿಂತ ಅಪರೂಪ.

ಕಾರು ಹೋಗಿಬಿಟ್ಟಿದ್ದರೆ ಆಲ್ಬಮ್ ತೆಗೀರಿ. ಮದುವೆ ಫೋಟೋ, ನಾಮಕರಣದ ಫೋಟೋ, ಎಲ್ಲೋ ಹಿಂದೆ ಅರ್ಧ ಬಾನೆಟ್ ಕಂಡೇ ಕಾಣುತ್ತೆ. ಅದನ್ನ ನನಗೆ ಡಿಎಂ ಮಾಡಿ, ಯಾವ ವರ್ಷ, ಯಾರ ಕಾರು, ಏನಾಯಿತು ಅಂತ ಎರಡು ಸಾಲು ಬರೆದು. ನಂಬರ್ ಪ್ಲೇಟ್ ಮಸುಕು ಮಾಡಿ ಕಳಿಸಿ. ಮುಂದಿನ ವಾರದ ಪೋಸ್ಟ್ ಪೂರ್ತಿ ನಿಮ್ಮ ಫೋಟೋಗಳದ್ದೇ. 🚗

#ಹಳೇಕಾರು #ಮಾರುತಿ800 #ಕೊರೊಲ್ಲಾ #ಇತಿಹಾಸಸರಣಿ #ಬಿಕಾಂಬರಹ